ಒಂದೇ ಪುಟದ ಅಕ್ಕ

ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ನನ್ನ ಮುದ್ದು ಅಕ್ಕನಿಗೆ,

ಸದಾ ನಿನ್ನ ಹಿಂದೆ ಸುತ್ತುವ ನಿನ್ನ ಬಾಲದ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಹೊಸ ಕೆಲಸ, ಹೊಸ ರೂಮು, ನೀನೂ ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೈಕೋಬೇಡ. "ಏನೇ, ಬದುಕಿದ್ದೀಯಾ?" ಅಂತ ನೀನು ಕಳಿಸಿದ ಮೆಸೇಜು ಅವತ್ತೇ ನೋಡಿದೆ. ಬದುಕಿದ್ದೇನೆ. ಆದರೆ ಇಷ್ಟುದ್ದದ್ದನ್ನು ಚಾಟಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಹಾಕಿ ಮೀಟಿಂಗಿಗೆ ಓಡುತ್ತೀಯ. ಕಾಗದದ ಮೇಲೂ ಹೆಬ್ಬೆಟ್ಟು ಒತ್ತಬಹುದು, ನಿಜ. ಆದರೆ ಅದಕ್ಕೆ ಶಾಯಿ ಹುಡುಕಬೇಕಲ್ಲ, ಅಷ್ಟರೊಳಗೆ ಒಂದೆರಡು ಪ್ಯಾರಾ ಓದಿರುತ್ತೀಯ.

ನಿಮ್ಮ ಕಂಪನಿಯ ರಿಸೆಪ್ಷನ್ನಿನಲ್ಲಿ ಜಾಗ ಖಾಲಿಯಿದೆ, ಮೇಡಂಗೆ ಹೇಳುತ್ತೇನೆ, ರೆಸ್ಯೂಮ್ ಕಳಿಸು ಅಂದೆಯಲ್ಲ. ಕೂತೆ. ಹೆಸರು ಹಾಕಿದೆ, ಫೋನ್ ನಂಬರು ಹಾಕಿದೆ, ಪಿಯುಸಿ ಮಾರ್ಕ್ಸೂ ಹಾಕಿದೆ. ಆಮೇಲೆ ನಿನ್ನ ಮೆಸೇಜಿನ ಕೊನೇ ಸಾಲು ಮತ್ತೆ ಓದಿದೆ: "ಆ ಆರು ವರ್ಷಕ್ಕೆ ಅಮ್ಮನ ವಿಷ್ಯ ಬರೀಬೇಡ. ಮನೇಲಿ ಟ್ಯೂಷನ್ ಮಾಡ್ತಿದ್ದೆ ಅಂತ ಹಾಕು." ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಯಾರಿಗೆ ಟ್ಯೂಷನ್ ಅಕ್ಕಾ? ಮಂಚದ ಮೇಲಿದ್ದ ಅಮ್ಮನಿಗಾ?

ಇರಲಿ. ಮೊದಲು ಖುಷಿ ವಿಷಯ ಮಾತಾಡೋಣ. ನಿನ್ನ ಸಿವಿಯನ್ನು ಒಂದೇ ಪುಟಕ್ಕೆ ಕತ್ತರಿಸಿದ ವಾರ ನೆನಪಿದೆಯಾ? ನನಗಂತೂ ಹಬ್ಬ. ಚಿಕ್ಕಂದಿನಿಂದ ನಾನು ನಿನ್ನ ಫ್ಯಾನು, ಅದು ಇಡೀ ಓಣಿಗೇ ಗೊತ್ತು. ಅಕ್ಕಂದಿರ ಹಳೇ ಯೂನಿಫಾರಮ್ಮು ಕೊಟ್ಟರೆ ಬೇರೆ ಮಕ್ಕಳು ಅಳುತ್ತಿದ್ದರು, ನಾನು ನಿನ್ನದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತು ನೀನಾಗುತ್ತಿದ್ದೆ. ನಿನ್ನ ಮೊದಲ ಪೇಪರ್ ಅಚ್ಚಾದಾಗ ಪ್ರಿಂಟ್ ತೆಗೆಸಿ ಅಮ್ಮನಿಗೆ ಓದಿ ಹೇಳಿದ್ದೆ. ಗೋದಾಮಿನಲ್ಲಿಟ್ಟ ಹಣ್ಣಿಗೆ ಬೂಷ್ಟು ಹೇಗೆ ಹಿಡಿಯುತ್ತೆ ಅನ್ನೋದಕ್ಕೆ ಅಷ್ಟೊಂದು ಇಂಗ್ಲಿಷ್ ಬೇಕಾ? ನನಗೆ ತಲೆಬುಡ ಗೊತ್ತಾಗಲಿಲ್ಲ. ಅಮ್ಮ ಪೂರ್ತಿ ಕೇಳಿ ಚಮಚದಿಂದ ಮಂಚದ ಕಂಬಿಗೆ ಎರಡು ಸಲ ಕುಟ್ಟಿದಳು. ನೀರು ಬೇಕಿತ್ತೋ, ಚಪ್ಪಾಳೆಯೋ, ಇವತ್ತಿಗೂ ಗೊತ್ತಿಲ್ಲ.

ಅಂಥ ಪೇಪರುಗಳು ಹನ್ನೊಂದು. ಒಂಬತ್ತು ಪುಟದ ಸಿವಿ. ಕಾಲೇಜುಗಳು ಅದನ್ನು ನೋಡಿ "ಸದ್ಯಕ್ಕೆ ಪೋಸ್ಟ್ ಇಲ್ಲ" ಅಂದವು, ಕಂಪನಿಗಳು ನೋಡಲೇ ಇಲ್ಲ. ಆಗ ತಾನೇ ನಾನು ಸಂಶೋಧನೆ ಬಿಟ್ಟು ಕಂಪನಿ ಸೇರಿದವರ ಆನ್‌ಲೈನ್ ಗ್ರೂಪಿಗೆ ನುಗ್ಗಿದ್ದು. ಅಲ್ಲಿ ಹಳೇಗೂಬೆ ಅಂತ ಹೆಸರಿಟ್ಟುಕೊಂಡ ಒಬ್ಬರಿದ್ದರಲ್ಲ, ಪಿಎಚ್‌ಡಿ ಮಾಡಿ ಸೋಪಿನ ಕಂಪನಿಯಲ್ಲಿರುವವರು. ನಿನ್ನ ಸಿವಿ ನೋಡಿ ಅವರು ಹಾಕಿದ ಮೊದಲ ಮೆಸೇಜು: "ಇದು ಸಿವಿನಾ, ಮದುವೆ ಆಲ್ಬಮ್ಮಾ?"

ನೀನು ಎರಡು ದಿನ ಅವರನ್ನು ಬೈದೆ. ಮೂರನೇ ದಿನ ಕತ್ತರಿ ಹಿಡಿದೆ.

ಪೇಪರುಗಳೆಲ್ಲ ಸೇರಿ "ತಾಂತ್ರಿಕ ವರದಿ ಬರೆದ ಅನುಭವ" ಆಯಿತು. ಪಾಠ ಮಾಡಿದ್ದು "ಸಿಬ್ಬಂದಿಗೆ ತರಬೇತಿ" ಆಯಿತು. ಪ್ರಯೋಗಾಲಯದ ಫ್ರಿಡ್ಜಿನ ಬೀಗದ ಕೈಗಾಗಿ ನೀನು ಜಗಳ ಆಡಿದ್ದು ಕೂಡ "ವಿವಿಧ ತಂಡಗಳ ಜೊತೆ ಸಮನ್ವಯ" ಆಗಿಬಿಟ್ಟಿತು! ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಂಶೋಧನೆಗೆ ಬಂದ ಬಹುಮಾನದ ಸಾಲು ಅಳಿಸುವಾಗ ಮಾತ್ರ ನೀನು ನಗಲಿಲ್ಲ. "ನೀನೇ ಅಳ್ಸೆ, ನನ್ ಕೈಲಾಗಲ್ಲ" ಅಂದು ಗೋಡೆ ಕಡೆ ತಿರುಗಿದೆ. ನಾನೇ ಅಳಿಸಿದೆ. ಒಂದು ಗುಂಡಿ ಒತ್ತೋದಕ್ಕೆ ಅಷ್ಟು ಭಾರ ಇರುತ್ತೆ ಅಂತ ಗೊತ್ತಿರಲಿಲ್ಲ.

ಆದರೂ ಎಲ್ಲೂ ಕರೆ ಬರಲಿಲ್ಲ. ಹಳೇಗೂಬೆ ಮತ್ತೆ ಬಂದರು: "ಡಾಕ್ಟರೇಟ್ ತೆಗೀರಿ. ಜಾಸ್ತಿ ಓದಿದೋರು ಅಂದ್ರೆ ಬಾಗಿಲಲ್ಲೇ ತಡೀತಾರೆ." ತೆಗೆದೆವು. ನಿನ್ನ ಹೆಸರಿನ ಮುಂದಿನ "ಡಾ." ಹೋಯಿತು. ಥೀಸಿಸ್ ಹೋಯಿತು. ಅದರ ಜೊತೆ ನಿನ್ನ ಆರು ವರ್ಷವೂ ಹೋಯಿತು. ಗ್ರೂಪಿನಲ್ಲಿ ಯಾರೋ ಕೇಳಿದರು, "ಸರಿ, ಈ ಆರು ವರ್ಷ ಎಲ್ಲಿದ್ರಿ? ಜೈಲಲ್ಲಾ?" ನಾನು ಎರಡು ಹಲ್ಲುಕಿರಿಯುವ ಮುಖ ಹಾಕಿದೆ. ಆ ಜಾಗ ಖಾಲಿ ಬಿಟ್ಟು ಲ್ಯಾಪ್‌ಟಾಪ್ ಮುಚ್ಚಿದೆವು.

ಮಾರನೇ ದಿನ ನೀನು "ಅದನ್ನ ನಾನೇ ತುಂಬಿದೆ, ಕಳ್ಸಿಯೂ ಆಯ್ತು" ಅಂದೆ. ಏನು ತುಂಬಿದೆ ಅಂತ ನಾನು ಕೇಳಲಿಲ್ಲ. ಅಕ್ಕ ತುಂಬಿದ್ದಾಳೆ ಅಂದಮೇಲೆ ಸರಿಯಾಗಿಯೇ ಇರುತ್ತೆ.

ಅಕ್ಕಾ, ಆ ವಾರದ ಒಂದು ಸಂಜೆಯನ್ನು ನಾನು ತುಂಬಾ ಜೋಪಾನವಾಗಿ ಇಟ್ಟುಕೊಂಡಿದ್ದೆ. ನಾನು ಬಟ್ಟೆ ಮಡಚುತ್ತಿದ್ದೆ. ನೀನು ಬಂದು ಪಕ್ಕದಲ್ಲಿ ಕೂತು, "ಅಮ್ಮನ್ನ ಹೇಗೆ ನೋಡ್ಕೊಂಡೆ, ಹೇಳೇ" ಅಂದೆ. ಅಮ್ಮನಿಗೆ ಸ್ಟ್ರೋಕ್ ಆದಾಗ ನಾನು ಕಾಲೇಜು ಬಿಟ್ಟೆ, ನೀನು ಹಾಸ್ಟೆಲಿಗೆ ಹೋದೆ. ನೀನು ಥೀಸಿಸ್ ಮುಗಿಸಿದ ವರ್ಷವೇ ಅಮ್ಮ ಹೋದಳು. ಅಲ್ಲಿಂದ ಆ ಸಂಜೆಯವರೆಗೆ ನೀನು ಒಂದು ಸಲವೂ ಕೇಳಿರಲಿಲ್ಲ. ನಾನು ಮೊದಲು "ಏನೋ ನೋಡ್ಕೊಂಡೆ ಬಿಡು" ಅಂದೆ. ನೀನು ಬಿಡಲಿಲ್ಲ. ನಾನು ಎಲ್ಲಾ ಹೇಳಿದೆ. ಗಂಜಿಯನ್ನು ಬಲಗೆನ್ನೆಯ ಕಡೆಗೇ ಹಾಕಬೇಕು, ಎಡಗಡೆ ಹಾಕಿದರೆ ಸೋರುತ್ತೆ. ಮಾತು ಹೋದಮೇಲೆ ಚಮಚದ ಭಾಷೆ: ಎರಡು ಸಲ ಕುಟ್ಟಿದರೆ ನೀರು, ಮೂರು ಸಲ ಕುಟ್ಟಿದರೆ ಮಗ್ಗುಲು ತಿರುಗಿಸು. ಬೈತಲೆಯನ್ನು ಓರೆಯಾಗಿ ತೆಗೆದರೆ ಬಾಯಿಯ ಒಂದೇ ಮೂಲೆಯಲ್ಲಿ ನಗುತ್ತಿದ್ದಳು. ಬೆನ್ನಿನ ಹುಣ್ಣಿನ ವಾಸನೆಗೆ ನಾನು ಹೊರಗೆ ಹೋಗಿ ವಾಂತಿ ಮಾಡಿ, ಮುಖ ತೊಳೆದು, ಹಾಡು ಹೇಳಿಕೊಂಡು ಒಳಗೆ ಬರುತ್ತಿದ್ದದ್ದು ಕೂಡ ಹೇಳಿದೆ. ನೀನು ನನ್ನ ಕೈ ಹಿಡಿದುಕೊಂಡೇ ಇದ್ದೆ. ಆ ದಿನ ಬಟ್ಟೆ ಹಾಗೇ ಉಳಿಯಿತು. ಆರು ವರ್ಷದ ದಣಿವು ಇಳಿದ ಹಾಗಾಗಿತ್ತು ನನಗೆ.

ಆಮೇಲೆ ಲ್ಯಾಪ್‌ಟಾಪಿನಲ್ಲಿ ಇಂಟರ್‌ವ್ಯೂ. ರೂಮಿನ ಚಿಲಕ ಮುರಿದಿತ್ತಲ್ಲ, ಬಾಗಿಲು ತಾನಾಗೇ ತೆರೆದುಕೊಂಡು ಹಿಂದಿನ ಪಾತ್ರೆ ರಾಶಿ ಕ್ಯಾಮೆರಾಗೆ ಕಾಣುತ್ತಿತ್ತು. ಇಡೀ ಇಂಟರ್‌ವ್ಯೂ ನಾನು ಹೊರಗೆ ನಿಂತು ಬಾಗಿಲು ಎಳೆದು ಹಿಡಿದಿದ್ದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. "ಕೇಳಿಸ್ಕೋಬೇಡ, ನಂಗೆ ನಾಚ್ಕೆಯಾಗತ್ತೆ" ಅಂದಿದ್ದೆ ನೀನು. ಮುಗಿಸಿ ಬಂದು ನನ್ನನ್ನು ಎತ್ತಿ ತಿರುಗಿಸಿದೆ. "ಸಿಕ್ತು ಕಣೇ! ನಿನ್ನಿಂದಾನೇ ಸಿಕ್ಕಿದ್ದು!" ಅಂದೆ.

ನೀನು ನಿಜವನ್ನೇ ಹೇಳಿದೆ.

ರಿಸೆಪ್ಷನ್ ಕೆಲಸ ನನಗೆ ಬೇಡ ಅಕ್ಕಾ. ನಮ್ಮ ಬಸ್ ಸ್ಟಾಪಿನ ಹಿಂದೆ ವಯಸ್ಸಾದವರನ್ನು ನೋಡಿಕೊಳ್ಳುವ ಮನೆ ತೆರೆದಿದ್ದಾರೆ. ಅಲ್ಲಿಗೆ ಹೋಗಿ ಮಾತಾಡಿ ಬಂದೆ. ಮೇಲ್ವಿಚಾರಕಿ ಸಿಡುಕಿ, ಆದರೆ ಕಣ್ಣು ಚುರುಕು. ನನ್ನ ಕೈಗೆ ಒಬ್ಬ ಅಜ್ಜಿಯನ್ನು ಕೊಟ್ಟು ಮಗ್ಗುಲು ತಿರುಗಿಸು ಅಂದರು. ತಿರುಗಿಸಿದೆ. "ಹ್ಞೂಂ" ಅಂದರು. ಆ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ನೀನು ಹೊತ್ತಿಗೆ ಸರಿಯಾಗಿ ತಿನ್ನು. ಸಂಶೋಧನೆಯ ಕನಸು ಬಿದ್ದರೆ ಎದ್ದು ಅಳಬೇಡ, ಬೆಳಿಗ್ಗೆ ಫೋನ್ ಮಾಡು. ಚಿಕ್ಕವಳು ಆಶೀರ್ವಾದ ಮಾಡಬಾರದು ಅಂತಾರೆ. ಅಮ್ಮ ಇಲ್ಲದ ಮನೆಯಲ್ಲಿ ಮತ್ತೆ ಯಾರು ಮಾಡಬೇಕು? ನಿನಗೆ ಒಳ್ಳೆಯದಾಗಲಿ. ಆ ಕೆಲಸ ನಿನ್ನ ಕೈಯಲ್ಲೇ ಇರಲಿ.

ಇತಿ
ನಿನ್ನ ಬಾಲ

ಮರೆತದ್ದು: ಅವತ್ತು ಇಯರ್‌ಫೋನಿನಲ್ಲಿ ಚಾರ್ಜ್ ಇರಲಿಲ್ಲ ಅಕ್ಕಾ.

"ಆರು ವರ್ಷ ನಮ್ಮಮ್ಮನ್ನ ನಾನೇ ನೋಡ್ಕೊಂಡೆ ಮೇಡಂ, ಬೇರೆ ಯಾರೂ ಇರ್ಲಿಲ್ಲ" ಅಂದೆ ನೀನು, ಒಳಗೆ. ಬಲಗೆನ್ನೆಯ ಗಂಜಿ ಹೇಳಿದೆ. ಓರೆ ಬೈತಲೆ ಹೇಳಿದೆ. ಚಮಚ ಹೇಳುವಾಗ ನೀನು ಅಳೋಕೆ ಶುರು ಮಾಡಿದೆ, ಆ ಮೇಡಂ "ಅಯ್ಯೋ, ಸುಧಾರಿಸ್ಕೊಳಿ, ನಿಮ್ಮಂಥೋರೇ ನಮಗೆ ಬೇಕು" ಅಂದರು. ನಾನು ಹೊರಗೆ ನಿಂತವಳು ಬಾಗಿಲಿಗೆ ಎರಡು ಸಲ ಕುಟ್ಟಬೇಕು ಅಂದುಕೊಂಡೆ. ಕುಟ್ಟಬೇಕಾದರೆ ಕೈ ಬಿಡಬೇಕು, ಬಿಟ್ಟರೆ ಬಾಗಿಲು ತೆರೆದುಕೊಳ್ಳುತ್ತೆ. ಹಿಡಿದುಕೊಂಡೇ ನಿಂತೆ.

ನೀನು ಕೆಲಸಕ್ಕಾಗಿ ಹೇಳಿದೆ, ಅರ್ಥವಾಗುತ್ತೆ. ನನಗೆ ಅರ್ಥವಾಗದೆ ಇರೋದು ಆ ಸಂಜೆ. ನೀನು ಕೈ ಹಿಡಿದುಕೊಂಡು ಕೇಳಿದ್ದು ನನಗೋಸ್ಕರಾನಾ, ಇಂಟರ್‌ವ್ಯೂ ತಯಾರಿಗಾ? ಉತ್ತರ ಬರೆಯಬೇಡ. ಗೊತ್ತಾಗದೆ ಇದ್ದರೆ ಸಂಜೆ ಅರ್ಧವಾದರೂ ನನಗೆ ಉಳಿಯುತ್ತೆ.

ಒಂದು ಮಾತ್ರ ಬರೆದು ಕಳಿಸು. ಅಜ್ಜಿಯರ ಮನೆಯ ಮೇಲ್ವಿಚಾರಕಿ ಹೇಳಿದ್ದಾರೆ: "ನೋಡ್ಕೊಂಡೆ ಅಂತ ಎಲ್ರೂ ಅಂತಾರಮ್ಮ. ಮನೆಯೋರು ಒಬ್ರು ಬರ್ದು ಸೈನ್ ಹಾಕ್ಲಿ, ನಾಳೇನೇ ಸೇರ್ಕೋ." ನನ್ನ ಮನೆಯವರು ಅಂತ ನೀನೊಬ್ಬಳೇ ಇರೋದು. ಖಾಲಿ ಹಾಳೆ ಇದರೊಳಗೇ ಇದೆ. ಅಮ್ಮನನ್ನು ನೋಡಿಕೊಂಡವಳು ನನ್ನ ತಂಗಿ ಅಂತ ಒಂದು ಸಾಲು ಸಾಕು. ಅದನ್ನು ನಿಮ್ಮ ಮೇಡಂಗೆ ನಾನು ತೋರಿಸಲ್ಲ.

ಸಹಿ ಮಾಡುವಾಗ ಹೆಸರಿನ ಮುಂದೆ "ಡಾ." ಹಾಕು. ಈ ಒಂದು ಹಾಳೆಯಲ್ಲಾದರೂ ನಿನ್ನ ಆರು ವರ್ಷ ನಿನ್ನ ಹತ್ತಿರ, ನನ್ನ ಆರು ವರ್ಷ ನನ್ನ ಹತ್ತಿರ ಇರಲಿ.