ಪೆಟ್ಟಿಗೆಯೊಳಗಿನ ಕಬ್ಬಿಣ

ಪಿಲ್ಲಿಂಗ್ ರೇಡಿಯೋ ಕಾರ್ಖಾನೆ ಪಕ್ಕದ ಮನೆ,
ಬೋಲ್ಟನ್.
ಮಂಗಳವಾರ, ನವೆಂಬರ್ 6, 1973

ಕ್ಲೆಮ್,

ಪತ್ರ ಬರೆಯುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡಷ್ಟೇ ಸುಖ. ಅದು ಗೊತ್ತಿದ್ದೂ ನನ್ನನ್ನು ಈ ಮೇಜಿನ ಮುಂದೆ ಕೂರಿಸಿದ್ದೀಯ. ಜೀವಮಾನವೆಲ್ಲ ರೇಡಿಯೋ ಮಾಡಿ ಊರವರ ಮನೆಗೆ ಜಗತ್ತಿನ ದನಿ ತಲುಪಿಸಿದ ಮನುಷ್ಯ, ತನ್ನ ಕೋಣೆಗೊಂದು ಟೆಲಿಫೋನ್ ಹಾಕಿಸಿಕೊಳ್ಳಲಾರ! ಹಾಕಿಸಿಕೊಂಡಿದ್ದರೆ ಎರಡು ನಿಮಿಷ ಬೈದು ಮುಗಿಸುತ್ತಿದ್ದೆ. ಈಗ ನೋಡು, ಶಾಯಿ, ಕಾಗದ, ಕನ್ನಡಕ. ಹನ್ನೆರಡನೆಯ ವಯಸ್ಸಿಗೆ ಅಪ್ಪ ನನ್ನನ್ನು ಶಾಲೆ ಬಿಡಿಸಿ ಹತ್ತಿ ಗಿರಣಿಗೆ ಕಳಿಸಿದ. ಅಲ್ಲಿ ನೂಲು ಸುತ್ತುವುದನ್ನು ಕಲಿಸಿದರೇ ಹೊರತು ಮಾತು ಸುತ್ತುವುದನ್ನು ಕಲಿಸಲಿಲ್ಲ. ಹಾಗಾಗಿ ನೇರವಾಗಿಯೇ ಬರೆಯುತ್ತೇನೆ, ತಪ್ಪಿದ್ದಲ್ಲಿ ನುಂಗಿಕೊಂಡು ಓದು.

ನಿನ್ನ ಕ್ರಿಸ್‌ಮಸ್ ಕಾರ್ಡಿಗೆ ನಾನು ಉತ್ತರ ಬರೆಯಲಿಲ್ಲ. ತಡವಾಯಿತು, ತಪ್ಪೇ. ಆದರೆ ಅದರಲ್ಲಿ ಉತ್ತರ ಕೊಡುವಂಥದ್ದು ಏನಿತ್ತು? ಒಂದಿಷ್ಟು ಹಿಮ, ಒಂದು ಹಕ್ಕಿ, ಕೆಳಗೆ ನಿನ್ನ ಹೆಸರು. ಹಕ್ಕಿಗೆ ಬರೆಯಲೇ? ನಿನ್ನ ಮಂಡಿ ಹೇಗಿದೆ? ನೀನಿರುವ ಮೋರ್ಕಂಬ್‌ನ ಸಮುದ್ರದ ಗಾಳಿ ಮೂಳೆಗೆ ಒಳ್ಳೆಯದಂತೆ, ಇಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರು ಯಾರೂ ಅಲ್ಲಿಗೆ ಹೋಗಿ ಬಂದವರಲ್ಲ.

ನಿನ್ನಿಂದ ನನಗೊಂದು ಉತ್ತರ ಬೇಕು, ಅದಕ್ಕೇ ಈ ಪತ್ರ. ಮೊದಲು ಸುದ್ದಿ ಹೇಳಿಬಿಡುತ್ತೇನೆ.

ಕಾರ್ಖಾನೆ ಮುಚ್ಚಿತು. ಕಳೆದ ಶುಕ್ರವಾರ ಕೊನೆಯ ಸಿಳ್ಳೆ ಊದಿದರು. ಒಂದು ಕಾಲಕ್ಕೆ ಆ ಸಿಳ್ಳೆಗೆ ಬೀದಿ ತುಂಬ ಸೈಕಲ್‌ಗಳು ಹೊರಬೀಳುತ್ತಿದ್ದವು, ಹಾಲಿನವನ ಕುದುರೆ ಬೆದರಿ ಗೋಡೆಗೆ ಒತ್ತಿ ನಿಲ್ಲುತ್ತಿತ್ತು. ಶುಕ್ರವಾರ ಹೊರಗೆ ಬಂದವರನ್ನೆಲ್ಲ ನಾನು ಅಡುಗೆಮನೆಗೆ ಕರೆದು ಆಲೂಗಡ್ಡೆ ಕಡುಬು ಬಡಿಸಿದೆ, ಕುರ್ಚಿಗಳೇ ಮಿಕ್ಕವು. ನಿನ್ನ ಶಿಷ್ಯ ಹಾರಕ್ಸ್, ಮರಗೆಲಸದ ಕೊನೆಯ ಆಳು, ಒಂದು ತುತ್ತೂ ತಿನ್ನಲಿಲ್ಲ. "ಏನೋ, ಉಪ್ಪು ಜಾಸ್ತಿಯಾಯ್ತಾ?" ಅಂದೆ. "ಉಪ್ಪು ಸರಿಯಾಗಿದೆ ಮಿಸ್ ಪಿಲ್ಲಿಂಗ್, ಗಂಟಲು ಸರಿಯಿಲ್ಲ," ಅಂದ.

ವಿಲ್ಫ್ ವಿಷಯ ನಿನಗೆ ಗೊತ್ತು. ಏಪ್ರಿಲ್‌ನಲ್ಲಿ ಲಕ್ವ ಹೊಡೆದಾಗ ತಂತಿ ಕೊಟ್ಟಿದ್ದೆ. ಅಣ್ಣ ಮಲಗಿದ್ದಾನೆ, ತಮ್ಮ ಬರಲಿ ಅಂತ ಕರೆದರೆ ತಮ್ಮ ದ್ರಾಕ್ಷಿ ಕಳಿಸಿದ. ಬುಟ್ಟಿಗೆ ರಿಬ್ಬನ್ ಬೇರೆ. ಅದನ್ನು ನಾನೇ ತಿಂದೆ; ಹುಳಿ. ವಿಲ್ಫ್‌ನ ಬಲಗೈ, ಬಲಗಾಲು ಬಂದಿಲ್ಲ. ಮುಂದಿನ ಕೋಣೆಯ ಕಿಟಕಿಯ ಬಳಿ ಮಂಚ ಹಾಕಿಸಿದ್ದೇನೆ, ಅಂಗಳದಾಚೆ ನಿನ್ನ ಮರಗೆಲಸದ ಶೆಡ್ಡು ಅಲ್ಲಿಂದ ಕಾಣಿಸುತ್ತದೆ. ಮಾತು ಬರುತ್ತದೆ. ಬುದ್ಧಿ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಡಾಕ್ಟರನ್ನು ಕೇಳಿದರೆ "ಕಾಯಬೇಕು" ಅನ್ನುತ್ತಾನೆ. ಯಾವುದಕ್ಕೆ ಕಾಯಬೇಕೆಂದು ಹೇಳುವುದಿಲ್ಲ.

ಹೋದ ತಿಂಗಳು ಲಂಡನ್ನಿನ ಕಂಪನಿಯೊಂದರಿಂದ ಒಬ್ಬ ಬಂದಿದ್ದ. ಕಿವಿ ಮುಚ್ಚುವಷ್ಟು ಕೂದಲು, ಗುಲಾಬಿ ಅಂಗಿ. ಕಾರ್ಖಾನೆ ಕೊಳ್ಳುತ್ತಾನೇನೋ ಅಂತ ನಾನು ಒಳ್ಳೆಯ ಬಟ್ಟಲಿನಲ್ಲೇ ಟೀ ಕೊಟ್ಟೆ. ಕುಡಿದಾದ ಮೇಲೆ ಹೇಳುತ್ತಾನೆ: "ಕಟ್ಟಡ ಬೇಡ ಮೇಡಂ, ಯಂತ್ರಾನೂ ಬೇಡ. ನಮಗೆ ಬೇಕಾಗಿರೋದು ಹೆಸರು."

"ಬರೀ ಹೆಸರು ತಗೊಂಡು ಏನ್ಮಾಡ್ತೀಯಪ್ಪಾ?"

"ಸೆಟ್ಟು ಹಾಂಗ್‌ಕಾಂಗ್‌ನಲ್ಲಿ ತಯಾರಾಗುತ್ತೆ. ಮೇಲೆ ಪಿಲ್ಲಿಂಗ್ ಅಂತ ಇರುತ್ತೆ. ಜನಕ್ಕೆ ಆ ಹೆಸರಲ್ಲಿ ಇನ್ನೂ ನಂಬಿಕೆ ಇದೆ."

"ಅಂದ್ರೆ ಕೂಸು ಬೇಡ, ನಾಮಕರಣ ಮಾತ್ರ ಬೇಕು ಅನ್ನು," ಅಂದೆ. ನಕ್ಕ. ಇಂಥವರಿಗೆ ಬೈದರೂ ತಮಾಷೆಯಂತೆ ಕೇಳಿಸುತ್ತದೆ.

ಹೋಗುವಾಗ ಬೀರುವಿನ ಮೇಲಿದ್ದ ನಮ್ಮ ಕೊನೆಯ ಮಾದರಿಯನ್ನು ಎತ್ತಿ ನೋಡಿದ. "ಅಬ್ಬಾ, ಎಷ್ಟು ಭಾರ! ಇದು ಟ್ರಾನ್ಸಿಸ್ಟರ್ ಅಲ್ವಾ? ಒಳಗೇನಿದೆ?" ಅಂದ. ನಾನು ಅವನ ಕೈಯಿಂದ ಕಿತ್ತು ಕೆಳಗಿಟ್ಟೆ. "ಮರ್ಯಾದೆ ಇದೆ ಕಣಪ್ಪಾ, ಅದು ತೂಕದ್ದು," ಅಂದೆ. ಅದರಲ್ಲಿ ಏನಿದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಅವನು ಹೋದ ಮೇಲೆ ಕೋಪಕ್ಕೆ ಪಾತ್ರೆ ತಿಕ್ಕುತ್ತ ನಿಂತಾಗ ನಮ್ಮ ಮೊದಲನೆಯ ರೇಡಿಯೋ ನೆನಪಾಯಿತು. ಅಮ್ಮನ ಅಡುಗೆಮನೆಯ ಮೇಜು. ವಿಲ್ಫ್ ತಂತಿ ಜೋಡಿಸುತ್ತಿದ್ದ, ಗಿರಣಿಯಿಂದ ಬಂದು ಕೈ ತೊಳೆದು ನಾನು ಸುರುಳಿ ಸುತ್ತುತ್ತಿದ್ದೆ, ನೀನು ಪ್ರಾರ್ಥನಾಲಯದವರು ಒಡೆದು ಬಿಸಾಕಿದ್ದ ಹಳೆಯ ಬೆಂಚಿನ ಹಲಗೆ ತಂದು ಪೆಟ್ಟಿಗೆ ಮಾಡಿದೆ. "ದೇವರ ಬೆಂಚಲ್ಲಿ ಕುಣಿತದ ಹಾಡು ಬಂದ್ರೆ ಪಾಪ ಯಾರಿಗೆ?" ಅಂತ ಅಮ್ಮ ಕೇಳಿದಳು. "ಹಾಡು ಕಳಿಸಿದೋರಿಗೆ," ಅಂತ ನೀನು. ಮೊದಲ ದಿನ ಬೀದಿಗೆ ಬೀದಿಯೇ ನಮ್ಮ ಕಿಟಕಿಗೆ ಕಿವಿ ಹಚ್ಚಿ ನಿಂತಿತ್ತು. ಆಮೇಲೆ ಶೆಡ್ಡು, ಶೆಡ್ಡಿನಾಚೆ ಕಾರ್ಖಾನೆ, ಯುದ್ಧದಲ್ಲಿ ಸೈನ್ಯಕ್ಕೆ ಸೆಟ್ಟುಗಳು, ಯುದ್ಧವಾದ ಮೇಲೆ ಮದುವೆಗೆ ಉಡುಗೊರೆಯೆಂದರೆ ಪಿಲ್ಲಿಂಗ್. ಬೇಸಿಗೆ ರಜೆಗೆ ಆಳುಗಳನ್ನೆಲ್ಲ ಬಸ್ಸುಗಳಲ್ಲಿ ತುಂಬಿ ಬ್ಲ್ಯಾಕ್‌ಪೂಲ್‌ಗೆ ಕರೆದೊಯ್ದೆವು; ವಿಲ್ಫ್ ಮರಳಿನ ಮೇಲೆ ಬೂಟು ಹಾಕಿಕೊಂಡೇ ಓಡಾಡಿದ, ನೀನು ಅವನ ಟೋಪಿ ಕದ್ದು ಕತ್ತೆಯ ತಲೆಗೆ ಹಾಕಿದೆ. ಅವನು ಸಿಟ್ಟಾಗಲಿಲ್ಲ. "ನನಗಿಂತ ಅದಕ್ಕೇ ಚೆನ್ನಾಗಿ ಕಾಣ್ತಿದೆ," ಅಂದ. ಅವನು ಹಾಗೆಲ್ಲ ಮಾತಾಡುತ್ತಿದ್ದ ಕಾಲವೊಂದಿತ್ತು.

ಟ್ರಾನ್ಸಿಸ್ಟರ್ ಬಂತು, ನಿಮ್ಮಿಬ್ಬರ ತಲೆ ಕೆಟ್ಟಿತು. ವಿಲ್ಫ್ ಒಳಗಿನದನ್ನೆಲ್ಲ ಅಂಗೈಯಗಲಕ್ಕೆ ಇಳಿಸಿದ. ಪೆಟ್ಟಿಗೆ ಚಿಕ್ಕದು ಮಾಡು ಅಂದರೆ ನೀನು ಒಪ್ಪಲಿಲ್ಲ. "ನಾನು ಮರಗೆಲಸದೋನು, ಸೋಪಿನ ಡಬ್ಬಿ ಮಾಡೋನಲ್ಲ," ಅಂದೆ. ಅವನು "ಹಾಗಿದ್ರೆ ನನ್ನ ಹತ್ರ ಮಾತಾಡ್ಬೇಡ" ಅಂದ. ನೀವು ಪಿಲ್ಲಿಂಗ್ ಗಂಡಸರು, ಮಾತು ಬಿಡು ಅಂದರೆ ಬಿಟ್ಟೇಬಿಡುತ್ತೀರಿ. ಶೆಡ್ಡಿನೊಳಗೆ ಒಂದೇ ಗಾಜಿನ ಗೋಡೆಯ ಆಚೆಗೊಬ್ಬ ಈಚೆಗೊಬ್ಬ ಕೂತು, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿದ್ದರೂ, ನಡುವೆ ನನ್ನನ್ನು ಓಡಾಡಿಸಿದಿರಿ. "ಆ ಮರದ ತಲೆಯವನಿಗೆ ಹೇಳು" ಅಂತ ಅವನು. ನಾನು ಈ ಕಡೆ ಬಂದು "ಒಂದಂಗುಲ ಕಮ್ಮಿ ಮಾಡಕ್ಕಾಗುತ್ತಾ ಅಂತ ಕೇಳ್ತಿದ್ದಾನೆ" ಅನ್ನುತ್ತಿದ್ದೆ. "ಆ ತಂತಿ ಕಡ್ಡಿಗೆ ಹೇಳು, ಬೇಕಾದ್ರೆ ಅವನೇ ಪೆಟ್ಟಿಗೆಯೊಳಗೆ ಕೂರ್ಲಿ" ಅಂತ ನೀನು. ನಾನು ಆ ಕಡೆ ಹೋಗಿ "ಯೋಚನೆ ಮಾಡ್ತಾನಂತೆ" ಅನ್ನುತ್ತಿದ್ದೆ. ಕಾರ್ಖಾನೆ ಅಷ್ಟು ವರ್ಷ ನಡೆದದ್ದು ನನ್ನ ನಾಲಿಗೆಯಿಂದ.

ದೊಡ್ಡ ಪೆಟ್ಟಿಗೆ, ಒಳಗೆ ಚಿಟಿಕೆಯಷ್ಟು ಸಾಮಾನು. ಅಂಗಡಿಯವರು ಎತ್ತಿ ನೋಡಿ "ಉಳಿದದ್ದು ಎಲ್ಲಿ ಮರೆತು ಬಂದ್ರಿ?" ಅಂತ ಗೇಲಿ ಮಾಡಿದರು. ಹಗುರವಾದದ್ದನ್ನು ನಮ್ಮ ಜನ ನಂಬುವುದಿಲ್ಲ. ವಿಲ್ಫ್‌ಗೆ ಅದು ತಡೆಯಲಾಗಲಿಲ್ಲ. ಮುಚ್ಚಿದ ಗಿರಣಿಯ ಮಗ್ಗದ ತೂಕದ ಕಬ್ಬಿಣ ಕೊಂಡು ತಂದು ಒಂದೊಂದು ಸೆಟ್ಟಿನ ತಳಕ್ಕೂ ಒಂದೊಂದು ತುಂಡು ಬಿಗಿಸಿದ. ಎತ್ತಿದರೆ ಹಳೆಯ ಪಿಲ್ಲಿಂಗ್‌ನ ಹಾಗೇ ತೂಗಬೇಕು, ಅಷ್ಟೇ ಅವನ ಆಸೆ. ರಿಪೇರಿಗೆ ಬಂದ ಸೆಟ್ಟನ್ನು ಬಿಚ್ಚಿ, ನಿನ್ನ ಆಕ್ರೋಡು ಮರಕ್ಕೆ ಕೊರೆದ ಸ್ಕ್ರೂ ನೋಡಿ, ನೀನು ಉಳಿಯನ್ನು ಮೇಜಿನ ಮೇಲಿಟ್ಟು ಕೋಟು ಹಾಕಿಕೊಂಡೆ. "ನನ್ನ ಪೆಟ್ಟಿಗೇಲಿ ಸುಳ್ಳು ತುಂಬ್ಸಿದ್ದಾನೆ ಅಂತ ಹೇಳು ಅವನಿಗೆ" ಅಂದೆ. ಅದೊಂದು ಮಾತನ್ನು ನಾನು ಇದ್ದ ಹಾಗೇ ತಲುಪಿಸಿದೆ. ಅವನು ಗಾಜಿನಾಚೆಯಿಂದ ನೀನು ಹೋಗುವುದನ್ನು ನೋಡಿದ. ಎದ್ದು ಬಾಗಿಲು ತೆರೆದರೆ ಎಂಟು ಹೆಜ್ಜೆ. ಏಳಲಿಲ್ಲ. ನಾನು ನಡುವೆ ನಿಂತಿದ್ದೆ, ಯಾವ ಕಡೆ ಓಡಲಿ?

ಆಮೇಲೆ ಜಪಾನಿನ ಪುಟ್ಟ ಸೆಟ್ಟುಗಳು ಬಂದವು. ಹುಡುಗಿಯರು ಜೇಬಿನಲ್ಲಿಟ್ಟುಕೊಂಡು ಹಾಡು ಕೇಳುತ್ತ ಬೀದಿಯಲ್ಲಿ ನಡೆದರು. ನಮ್ಮದನ್ನು ಎತ್ತಲು ಗಂಡಸು ಬೇಕಾಗಿತ್ತು.

ನಿನ್ನೆ ಐದನೆಯ ತಾರೀಖು, ವರ್ಷದ ಹಬ್ಬಕ್ಕೆ ಊರೆಲ್ಲ ಸೌದೆ ಒಟ್ಟಿ ಬೆಂಕಿ ಹಾಕುವ ದಿನ. ಸೌದೆ ಕೊಡಿ ಅಂತ ಬೀದಿಯ ಮಕ್ಕಳು ಬಂದರು. ಹಾರಕ್ಸ್ ನನ್ನ ಮುಖ ನೋಡಿದ. ಮಾರಾಟವಾಗದ ಖಾಲಿ ಪೆಟ್ಟಿಗೆಗಳು ಶೆಡ್ಡಿನಲ್ಲಿ ಸೂರಿನವರೆಗೆ ಪೇರಿಸಿದ್ದವು. ಹರಾಜಿನವನು ಅವನ್ನು ಕಾಲಿನಿಂದ ತಳ್ಳಿ ನೋಡಿ ಹೋಗಿದ್ದ. "ಕೊಡು" ಅಂದೆ. ಹಾರಕ್ಸ್ ಒಂದೊಂದನ್ನೂ ಎದೆಗೊತ್ತಿಕೊಂಡು ಹೊತ್ತು ತಂದ, ಅಂಗಳದಲ್ಲಿ ಇಳಿಸುವಾಗ ತೋಳಿನಿಂದ ಧೂಳು ಒರೆಸಿದ. ಸುಡುವ ಪೆಟ್ಟಿಗೆಗೆ ಧೂಳು ಒರೆಸುತ್ತಾನೆ! ನೀನು ಕಲಿಸಿದ್ದು. ಮೆರುಗೆಣ್ಣೆಗೆ ಬೆಂಕಿ ತಗುಲಿದಾಗ ಹಸಿರು ಜ್ವಾಲೆ ಎದ್ದಿತು, ಮಕ್ಕಳು ಕೇಕೆ ಹಾಕಿದರು. ವಿಲ್ಫ್ ಕಿಟಕಿಯಿಂದ ನೋಡುತ್ತಿದ್ದ. ಉರಿ ಇಳಿದಾಗ, "ಹಲಗೆಗಳ ಕೂಡುಕಟ್ಟು ಬಿಡ್ಲಿಲ್ಲ ನೋಡು. ಸುಟ್ಟು ಕರಕಾದ್ರೂ ಮೂಲೆ ನಿಂತೇ ಇದೆ," ಅಂದ. ನಿನ್ನ ಕೆಲಸಕ್ಕೆ ಅವನು ಹೇಳಿದ ಹೊಗಳಿಕೆ ಇದೊಂದೇ. ತಲುಪಿಸಿದ್ದೇನೆ.

ವಕೀಲರು ಕಳಿಸಿದ ಕಾಗದ ನಿನ್ನ ಬಳಿ ಇದೆಯಲ್ಲ. ಹೆಸರು ಮಾರಲು ನಿನ್ನ ಸಹಿಯೂ ಬೇಕಂತೆ. ಹಾಕುವುದಾದರೆ ಹಾಕು, ಹರಿಯುವುದಾದರೆ ಹರಿ. ನನಗೆ ಬೇಕಾದ ಉತ್ತರ ಅದಲ್ಲ.

ಉಣ್ಣೆಯ ಕಾಲುಚೀಲ ಒಂದು ಜೊತೆ ಹೆಣೆದು ಇಟ್ಟಿದ್ದೇನೆ, ಅಂಚೆಯಲ್ಲಿ ಕಳಿಸುವುದಿಲ್ಲ. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ಅದಕ್ಕಿಂತ ಮೊದಲು ತಲೆಗೆ ಬುದ್ಧಿ ಕೊಡಲಿ. ಬೆಚ್ಚಗಿರು, ಹೊಟ್ಟೆ ತುಂಬ ತಿನ್ನು.

ನಿನ್ನ ಅಕ್ಕ,
ಹೆಟ್ಟಿ

ಮರೆತದ್ದು: ಮರೆತದ್ದೇನಲ್ಲ, ಬರೆಯಲು ಕೈ ಬರಲಿಲ್ಲ. ಲಕ್ವ ಹೊಡೆದಾಗಿನಿಂದ ವಿಲ್ಫ್‌ನ ತಲೆಯಲ್ಲಿ ನೀನು ಹೋಗಿಯೇ ಇಲ್ಲ. ನೀನು ಅಂಗಳದಾಚೆ ಶೆಡ್ಡಿನಲ್ಲೇ ಇದ್ದೀಯ, ಮಾತು ಬಿಟ್ಟಿದ್ದೀಯ ಅಷ್ಟೇ. ದಿನಾ "ಹೆಟ್ಟೀ, ಹೋಗಿ ಕ್ಲೆಮ್‌ಗೆ ಹೇಳು" ಅನ್ನುತ್ತಾನೆ. ಮೊದಮೊದಲು "ಅವನಿಲ್ಲ ಕಣೋ" ಅಂದೆ. ಆಗ ಅವನು ಅತ್ತ ಅಳುವನ್ನು ನಿನಗೆ ಬರೆಯುವುದಿಲ್ಲ. ಅಂದಿನಿಂದ ಹೋಗುತ್ತೇನೆ. ಮಳೆಯಿರಲಿ ಚಳಿಯಿರಲಿ ಅಂಗಳ ದಾಟಿ ನಿನ್ನ ಖಾಲಿ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತು, ನೀನು ಏನನ್ನುತ್ತಿದ್ದೆ ಅಂತ ಯೋಚಿಸಿ, ಒಂದು ಉತ್ತರ ಹೊತ್ತು ಬರುತ್ತೇನೆ. "ಮಿಸ್ ಪಿಲ್ಲಿಂಗ್, ಯಾರನ್ನ ಕಾಯ್ತಿದ್ದೀರಿ?" ಅಂತ ಹಾರಕ್ಸ್ ಒಮ್ಮೆ ಕೇಳಿದ. "ನಿನ್ನ ಕೆಲಸ ನೋಡ್ಕೋ" ಅಂದೆ. ವಿಲ್ಫ್ ಕೇಳಿದ ಅಳತೆ, ಮರ, ಮೆರುಗು, ಎಲ್ಲದಕ್ಕೂ ನಿನ್ನ ಬಾಯಿಂದ ನಾನೇ ಉತ್ತರಿಸಿದೆ, ಒಂದೆರಡು ಬೈಗುಳವನ್ನೂ ಸೇರಿಸಿದೆ, ಇಲ್ಲದಿದ್ದರೆ ಅವನು ನಂಬುವುದಿಲ್ಲ.

ನಿನ್ನೆ ಬೆಂಕಿ ಆರುವ ಹೊತ್ತಿಗೆ ವಿಲ್ಫ್ ಮಗುವಿನ ಹಾಗೆ ನನ್ನ ಏಪ್ರನ್ ಜಗ್ಗಿ, "ಹೆಟ್ಟೀ, ಕ್ಲೆಮ್‌ನ ಕೇಳ್ಕೊಂಡು ಬಾ. ನಾನು ಕಬ್ಬಿಣ ತೆಗೆಸಿಬಿಟ್ರೆ ಅವನು ಊಟಕ್ಕೆ ಬರ್ತಾನಾ?" ಅಂದ.

ಹೋದೆ. ನಿಂತೆ. ಪೆಟ್ಟಿಗೆಗಳೂ ಇಲ್ಲದ ಶೆಡ್ಡು. ಈ ಉತ್ತರವನ್ನು ನಾನು ಕಟ್ಟಿ ಹೇಳಲಾರೆ ಕ್ಲೆಮ್. "ಕೆಲಸದಲ್ಲಿದ್ದಾನೆ, ಆಮೇಲೆ ಹೇಳ್ತಾನಂತೆ" ಅಂದೆ. ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟವನೇ "ಏನಂದ?" ಅಂತ ಕೇಳಿದ. ಮಧ್ಯಾಹ್ನ ಮತ್ತೆ ಕೇಳಿದ. ಈಗ ಇದನ್ನು ಬರೆಯುವಾಗಲೂ ಕಿಟಕಿಯ ಕಡೆ ನೋಡುತ್ತಿದ್ದಾನೆ.

ಹತ್ತೊಂಬತ್ತನೆಯ ತಾರೀಖು ಸೋಮವಾರ ಶೆಡ್ಡು ಕೆಡವಲು ಬರುತ್ತಾರೆ. ಆಮೇಲೆ ನನಗೆ ಹೋಗಿ ನಿಲ್ಲಲೂ ಜಾಗವಿಲ್ಲ.

ಬರುತ್ತೀಯೋ ಇಲ್ಲವೋ. ನಿನ್ನ ಕೈಯಲ್ಲೇ ಬರೆ. ಹದಿನೇಳು, ಶನಿವಾರದೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.