ನಿಂತ ಸಾಲಿಗೊಂದು ಸುತ್ತು

ಜೂನ್ 3, ಸಂಜೆ
ಇವತ್ತೂ ಡಸ್ಟರ್ ಸಿಗಲಿಲ್ಲ. ಸೆರಗಿನಿಂದಲೇ ಬೋರ್ಡ್ ಒರೆಸಿದೆ. ಪುಣೆಯ ಧನಕವಡಿಯ ಈ ಕೋಚಿಂಗ್ ಕ್ಲಾಸಿನಲ್ಲಿ ನಾನು ಇಂಗ್ಲಿಷ್ ಟೀಚರ್. ಗಣಿತದ ಸರ್ ಕೆಲಸ ಬಿಟ್ಟಿದ್ದಾರೆ. ಮಾಲೀಕರು ಶಿವಪುತ್ರಪ್ಪನವರು ಬಾಗಿಲಲ್ಲೇ ನಿಂತು, "ಭವ್ಯಶ್ರೀ ಮೇಡಂ, ಹತ್ತನೇ ಕ್ಲಾಸಿನ್ಯಾಗ ಫೇಲಾದ ಹುಡುಗ್ರಿಗೆ ಗಣಿತಾನೂ ನೀವ ತಗೋರಿ. ಜುಲೈ ಪರೀಕ್ಷಾತನಕ" ಅಂದರು.
ಸಾಹಿತ್ಯದ ಎಂ.ಎ. ನಾನು. ಹತ್ತನೆಯ ತರಗತಿಯ ಗಣಿತದಲ್ಲಿ ಎರಡು ಸಲ ಫೇಲ್. ಹೇಳಲು ಬಾಯಿ ಬರಲಿಲ್ಲ. ತಲೆಯಾಡಿಸಿದೆ...

ಜೂನ್ 5
ಕೊನೆಯ ಬೆಂಚಿನ ಸಪ್ನಾ ಟೆಸ್ಟಿನಲ್ಲಿ ಖಾಲಿ ಹಾಳೆ ಕೊಟ್ಟಳು. ಈ ಸಲ ಪಾಸಾಗದಿದ್ದರೆ ಅಪ್ಪನ ಮೆಣಸಿನಕಾಯಿ ಅಂಗಡಿಯಲ್ಲಿ ಕೂರಬೇಕಂತೆ. "ನನಗ ನರ್ಸಿಂಗ್ ಮಾಡೋದದ್ರಿ" — ಅಷ್ಟೇ ಹೇಳಿದಳು.
ಹಾಳೆಯನ್ನು ಬೆಳಕಿಗೆ ಹಿಡಿದೆ. ಖಾಲಿಯಲ್ಲ. ಬರೆದದ್ದನ್ನೆಲ್ಲ ರಬ್ಬರಿನಿಂದ ಉಜ್ಜಿದ್ದಾಳೆ. ಎರಡು ಸಾಲು ಸರಿಯಾಗಿಯೇ ಇದ್ದವು. ನಾನೂ ಹೀಗೇ ಉಜ್ಜುತ್ತಿದ್ದೆ.

ಜೂನ್ 9
ವರ್ಗ ಸಮೀಕರಣ. ಮೂರನೇ ಸಾಲಿನಲ್ಲಿ ನಿಂತುಬಿಟ್ಟೆ. ಒರೆಸೋಣವೆಂದರೆ — ಡಸ್ಟರ್ ಇಲ್ಲ! ಚೂಡಿದಾರ್ ಹಾಕಿದ್ದೆ, ಸೆರಗೂ ಇಲ್ಲ. ಆ ಸಾಲಿಗೊಂದು ಸುತ್ತು ಹಾಕಿದೆ. ತಿರುಗದೆಯೇ ಅಂದೆ, "ಇಲ್ಲಿ ಸಿಕ್ಕಿಬಿದ್ದೆ. ಹತ್ತನೆಯದರಲ್ಲಿ ಎರಡು ಸಲ ಫೇಲಾದದ್ದೂ ಹೀಗೇ."
"ಖರೇನ ಮೇಡಂ?" ಮುಂದಿನ ಬೆಂಚಿನ ಸ್ವಪ್ನಿಲ್. "ಮತ್ತ ನಮಗ ಹೆಂಗ ಕಲಸ್ತೀರಿ?"
"ನೀವು ಎಲ್ಲಿ ನಿಲ್ತೀರಿ ಅಂತ ನನಗೆ ಗೊತ್ತುಂಟಲ್ಲ."
ಕ್ಲಾಸೆಲ್ಲ ನಗು. ನಗುವಿನ ಹಿಂದಿನಿಂದ ಸಣ್ಣ ದನಿ: "ಮೇಡಂ, ಮೈನಸ್ ಬಿಟ್ಟೀರಿ."
ಸಪ್ನಾ!
ಇನ್ನು ಯಾರೂ ಉಜ್ಜುವಂತಿಲ್ಲ. ನಿಂತ ಸಾಲಿಗೆ ಸುತ್ತು. ಅಲ್ಲಿಂದಲೇ ಪಾಠ.

ಜೂನ್ 22
ಪಂಢರಪುರಕ್ಕೆ ಹೋಗುವ ವಾರಕರಿಗಳ ಪಾಲಖಿ ಸಾಸವಡದ ಕಡೆ ಹೊರಟಿದೆ. ರಸ್ತೆ ಬಂದ್. ಯಾರೂ ಬರಲಾರರು ಅಂದುಕೊಂಡೆ. ಸಪ್ನಾ ಸ್ವಾರಗೇಟಿನಿಂದ ಐದು ಕಿಲೋಮೀಟರ್ ನಡೆದೇ ಬಂದಳು. ಹಾಳೆ ಚಾಚಿದಳು.
"ಭಾಳ ಸುತ್ತು ಬಿದ್ದಾವ್ರಿ."
"ಬೇಜಾರಾ?"
"ಇಲ್ರಿ. ಮೊದ್ಲ ಹಾಳೀನ ಖಾಲಿ ಇರ್ತಿತ್ತಲ್ರಿ."

ಜುಲೈ 29, ಮಧ್ಯಾಹ್ನ
ವೆಬ್‌ಸೈಟ್ ಹ್ಯಾಂಗ್. ರಿಸಲ್ಟ್ ತೆರೆಯುತ್ತಲೇ ಇಲ್ಲ. ಅಷ್ಟರಲ್ಲಿ ಸಪ್ನಾಳ ಫೋನ್ — "ಮೇಡಂ! ಗಣಿತದಾಗ ಅರವತ್ತೊಂದ್ರಿ! ಪಾಸ್!" ಹಿಂದೆ ಅವಳಪ್ಪ: "ಪೇಡೆ ಒಯ್ಯವಾ ಮೇಡಂಗ. ಅಂಗಡಿಗೆ ಬ್ಯಾರೆ ಆಳು ನೋಡ್ತೀನಿ."
ಅರ್ಧ ಗಂಟೆಯ ಮೇಲೆ ಶಿವಪುತ್ರಪ್ಪನವರು ಬಂದರು. "ಮುಂದಿನ ಬ್ಯಾಚ್‌ನ ಗಣಿತಾನೂ ನಿಮಗ."
"ಸರ್, ನಾನೇ ಎರಡು ಸಲ ಫೇಲ್." ಈ ಸಲ ದನಿ ಬಂತು. ಜೋರಾಗಿಯೇ!
"ಗೊತ್ತದ್ರಿ. ಹುಡುಗ್ರು ಊರೆಲ್ಲ ಹೇಳ್ಯಾರ. ಹೊರಗ ಬೋರ್ಡಿನ ಮ್ಯಾಲೂ ಬರಸೂಣೇನು?"
ನಕ್ಕು ನಕ್ಕು ಸಾಕಾಯಿತು.
ಮೆಟ್ಟಿಲ ಮೇಲೆ ಓಡುವ ಸದ್ದು. ಅವಳೇ. ಪೇಡೆ ಡಬ್ಬಿ, ಅದರ ಮೇಲೆ... ಅಯ್ಯೋ, ಹೊಸ ಡಸ್ಟರ್! ಉಜ್ಜುವುದನ್ನೇ ಬಿಟ್ಟ ನಾವು ಈಗ ಇದನ್ನು ಏನು ಮಾಡುವುದು?