ಮೇಲುಕೋಟೆ ದಾರಿಗೆ ಇಪ್ಪತ್ತಾರು ಸೆಕೆಂಡು

ಪಾಂಡವಪುರ
ಶನಿವಾರ, 17 ಜನವರಿ 2026
ಮಧ್ಯಾಹ್ನ ಮೂರು ಗಂಟೆ

ನನ್ನ ಮುದ್ದಿನ ಮೊಮ್ಮಗಳು ಹರ್ಷಿತಳಿಗೆ, ದೇವಲಾಪುರದ ನಿನ್ನ ತಾತ ಶ್ರೀನಿವಾಸಾಚಾರಿ ತಲೆ ಮುಟ್ಟಿ ಮಾಡುವ ಆಶೀರ್ವಾದ.

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಸುಳ್ಳು ಹೇಳಬೇಡ. ನಿನ್ನೆ ನಾಗಮಂಗಲದಲ್ಲಿ ಮೂರನೇ ದಿನದ ಸೈಕಲ್ ಓಟ ಮುಗಿಸಿ ಇಳಿದವಳು, ಫೋಟೋದವರು ಅತ್ತ ತಿರುಗಿದ ಕೂಡಲೇ ಬಲಮೊಣಕಾಲಿನ ಮುಂದುಗಡೆ ಕೈಯಿಟ್ಟು ಒತ್ತಿಕೊಂಡೆ. ನಾನು ಜನರ ಹಿಂದೆ, ಎಳನೀರಿನ ಗಾಡಿಯ ಪಕ್ಕದಲ್ಲಿ ನಿಂತಿದ್ದೆ, ನನ್ನ ಕಣ್ಣು ತಪ್ಪಿಸುವುದು ನಿನ್ನಿಂದ ಆಗುವುದಿಲ್ಲ. ನಿದ್ದೆ ಬರುತ್ತಿದೆಯೇ? ಲಾಡ್ಜಿನ ಊಟ ಸೇರುತ್ತಿದೆಯೇ? ಊರಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅಜ್ಜಿ ಪುಟ್ಟಲಕ್ಷ್ಮಮ್ಮನಿಗೆ ಕೆಮ್ಮು ನಿಂತಿದೆ, ಬೈಗುಳ ಇನ್ನೂ ನಿಂತಿಲ್ಲ. ಸಂಕ್ರಾಂತಿ ಹೊತ್ತಿನಲ್ಲಿ ಹೆಣ್ಣುಮಗಳನ್ನು ರಸ್ತೆಯಲ್ಲಿ ಓಡಿಸುತ್ತಾರಲ್ಲ ಎಂದು ಪಂದ್ಯ ನಡೆಸುವವರನ್ನು ಹಿಡಿಶಾಪ ಹಾಕಿ, ನಿನ್ನ ಪಾಲಿನ ಎಳ್ಳುಬೆಲ್ಲವನ್ನು ಡಬ್ಬಿಗೆ ತುಂಬಿ ಕಳಿಸಿದ್ದಾಳೆ. ಎರಡು ಜಲ್ಲೆ ಕಬ್ಬನ್ನೂ ಕೊಟ್ಟಿದ್ದಳು. ಬಸ್ಸಿನಲ್ಲಿ ಯಾರ ಕಣ್ಣಿಗಾದರೂ ಚುಚ್ಚೀತೆಂದು ಅದನ್ನು ಸ್ಟ್ಯಾಂಡಿನಲ್ಲೇ ಒಂದು ಹಸುವಿಗೆ ಕೊಟ್ಟೆ. ಅವಳಿಗೆ ಹೇಳಬೇಡ. ಎಳ್ಳುಬೆಲ್ಲ ತಿನ್ನಲು ನಿಮ್ಮ ಕೋಚು ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ, ಬಿಡದಿದ್ದರೆ ಒಂದು ಕಾಳನ್ನಾದರೂ ನಾಲಿಗೆಗೆ ಹಾಕಿಕೊ.

ಬೆಳಗ್ಗೆ ಮೊದಲ ಬಸ್ಸಿಗೆ ಬಂದು ಲಾಡ್ಜಿನ ಗೇಟಿನ ಹತ್ತಿರ ನಿಂತಿದ್ದೆ. ಅಲ್ಲಿದ್ದ ಕಾವಲಿನವನು, "ಓಟ ಮುಗಿಯೋಗಂಟ ಮನೆಯೋರ್ನ ಬುಡಬ್ಯಾಡ ಅಂದವ್ರೆ ತಾತ, ಮಕ್ಕಳ ಫೋನೂ ಎತ್ತಿಟ್ಕಂಡವ್ರೆ. ಕಾಗ್ದ ಇದ್ರೆ ಕೊಡಿ, ಒಳಗೆ ಕೊಡ್ತೀನಿ" ಎಂದ. ಕೋಚು ಮಾಡಿದ್ದು ಸರಿಯಾಗಿಯೇ ಇದೆ, ನಮ್ಮಂಥವರು ಬಂದು ಕೂತರೆ ನಿಮ್ಮ ತಲೆ ತಿನ್ನುವುದು ಬಿಟ್ಟು ಇನ್ನೇನು ಮಾಡುತ್ತೇವೆ. ಆದರೆ ನನಗೆ ನಿನ್ನ ಹತ್ತಿರ ಹೇಳುವುದಿತ್ತು, ನಾಳೆಯೊಳಗೇ ಹೇಳಬೇಕಿತ್ತು. ಅದಕ್ಕೆ ಏಳನೇ ಕ್ಲಾಸಿನ ಮೇಷ್ಟ್ರು ತಿದ್ದಿಸಿದ ಅಕ್ಷರದಲ್ಲಿ ಈ ಕಾಗದ. ಪೂರ್ತಿ ಓದು, ಅರ್ಧಕ್ಕೇ ಸಿಟ್ಟು ಬಂದರೂ ಪೂರ್ತಿ ಓದು.

ಮೊದಲು ದಾರಿಯ ವಿಷಯ. ಶ್ರೀರಂಗಪಟ್ಟಣದಿಂದ ಹೊರಟು, ಕೆ.ಆರ್. ಪೇಟೆ, ನಾಗಮಂಗಲ ಎಂದು ಮೂರು ದಿನ ಗುಂಪಿನಲ್ಲಿ ಸುತ್ತಿದ ಮೇಲೆ ವಿಜಯಪುರದ ಹುಡುಗಿ ನಿನಗಿಂತ ಇಪ್ಪತ್ತಾರು ಸೆಕೆಂಡು ಮುಂದಿದ್ದಾಳೆ. ಇವತ್ತು ನಿಮಗೆ ಬಿಡುವು, ನಾಳೆ ಗುಂಪಿಲ್ಲ. ಒಬ್ಬೊಬ್ಬರೇ, ನಿಮಿಷಕ್ಕೊಬ್ಬರಂತೆ, ಪಾಂಡವಪುರದಿಂದ ಹೊರಟು ಮೇಲುಕೋಟೆ ಬೆಟ್ಟ ಹತ್ತಬೇಕು. ಯಾರ ಬೆನ್ನ ಹಿಂದೆಯೂ ಗಾಳಿಗೆ ಮರೆಯಾಗುವಂತಿಲ್ಲ, ಗಡಿಯಾರ ಹೇಳಿದ್ದೇ ತೀರ್ಪು. ಅವಳಿಗಿಂತ ಇಪ್ಪತ್ತೇಳು ಸೆಕೆಂಡು ಬೇಗ ಹತ್ತಿದರೆ ಪಂದ್ಯವೂ ನಿನ್ನದು, ರಾಜ್ಯದ ತಂಡದಲ್ಲಿ ಜಾಗವೂ ನಿನ್ನದು. ಆಗುತ್ತದೆ. ಬಾಯಿಮಾತಿಗೆ ಹೇಳುತ್ತಿಲ್ಲ. ಇವತ್ತು ಬೆಳಗ್ಗೆ ಆ ದಾರಿಯನ್ನು ನಾನೇ ತುಳಿದು ಬಂದಿದ್ದೇನೆ. ನಗಬೇಡ. ಎಪ್ಪತ್ತೊಂದು ವರ್ಷದವನಾದರೇನು, ಸುತ್ತಿಗೆ ಚಿಮ್ಮಟ ಕ್ಯಾರಿಯರಿಗೆ ಕಟ್ಟಿಕೊಂಡು ಮೂವತ್ತು ವರ್ಷ ಸಂತೆಯಿಂದ ಸಂತೆಗೆ ಕುಡುಗೋಲು ತಟ್ಟಲು ಹೋದ ಕಾಲು ಇದು. ಮೇಲುಕೋಟೆ ಮುಟ್ಟುವಷ್ಟರಲ್ಲಿ ಎರಡು ಗಂಟೆ ಹತ್ತು ನಿಮಿಷವಾಯಿತು, ಅದರಲ್ಲಿ ಒಂದು ಕಾಫಿಯೂ ಸೇರಿದೆ.

ಊರು ದಾಟುವ ತನಕ ಎಲ್ಲರೂ ಉಬ್ಬಿ ತುಳಿಯುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರಲ್ಲ. ನೀನು ತಡೆದುಕೊ. ಕಬ್ಬಿನ ಟ್ರಾಕ್ಟರುಗಳು ಬೆಳಗಿನ ಜಾವ ಸಾಲುಗಟ್ಟಿ ಹೋಗಿ ರಸ್ತೆಯ ಎಡಮಗ್ಗುಲಿಗೆಲ್ಲ ಸೋಗೆ ಚೆಲ್ಲಿವೆ, ಇಬ್ಬನಿಗೆ ಅದು ಜಾರುತ್ತದೆ, ಮಧ್ಯದಲ್ಲೇ ಹೋಗು. ತೊಣ್ಣೂರು ಕೆರೆಯ ಕಡೆ ತಿರುಗುವ ದಾರಿ ಕಳೆದ ಮೇಲೆ ಬಯಲು ಬರುತ್ತದೆ. ಅಲ್ಲಿ ಗಾಳಿ ಬಲಗಡೆಯಿಂದ ಓರೆಯಾಗಿ ಬಡಿಯುತ್ತದೆ. ತಲೆ ಎತ್ತಿ ಬೆಟ್ಟ ಎಷ್ಟು ದೂರ ಎಂದು ನೋಡುವ ಆಸೆಯಾಗುತ್ತದೆ, ನೋಡಬೇಡ. ಮುಂಗೈ ಊರಲು ಹ್ಯಾಂಡಲ್ಲಿಗೆ ಹಾಕಿಸಿಕೊಂಡಿದ್ದೀಯಲ್ಲ ಆ ಎರಡು ಕೊಂಬು, ಅದು ಇರುವುದೇ ಅಲ್ಲಿಗೆ. ಹೊಟ್ಟೆ ಮಡಿಸಿ ಮಲಗಿಬಿಡು.

ಇನ್ನೊಂದು ನಾಲ್ಕು ಕಿಲೋಮೀಟರು ಹೋದರೆ ಒಂದು ಊರಿನ ಮುಂದೆ ರಸ್ತೆಯ ತುಂಬ ಹುರುಳಿ ಒಕ್ಕಣೆಗೆ ಹರಡಿದ್ದಾರೆ. ಬಸ್ಸು ಲಾರಿ ಮೇಲೆ ಹರಿದರೆ ಕಾಳು ಬಿಡಿಸುವುದು ಅವರಿಗೆ ಸುಲಭ. ನಿನ್ನ ಸಣ್ಣ ಟೈರಿಗೆ, ಚೈನಿಗೆ ಆ ಬಳ್ಳಿ ಸುತ್ತಿಕೊಂಡರೆ ಇಪ್ಪತ್ತಾರಲ್ಲ, ಎರಡು ನಿಮಿಷ ಹೋಯಿತು. ನಾನು ತುಳಿಯುತ್ತಿದ್ದ ಸೈಕಲ್ಲಿಗೇ ಸುತ್ತಿಕೊಂಡಿತು, ಕೂತು ಬಿಡಿಸಿದೆ. ಮೊರ ಹಿಡಿದು ನಿಂತಿದ್ದ ಕುಳ್ಳಮ್ಮ ಎಂಬಾಕೆಗೆ ವಿಷಯ ಹೇಳಿದೆ. "ಹೆಣ್ ಐಕ್ಳು ಬತ್ತವಾ? ಅಂಗಾರೆ ಹತ್ ಗಂಟೆಗಂಟ ನಾವ್ಯಾರೂ ಹಾಕಕಿಲ್ಲ ಬುಡಯ್ಯ. ನಿನ್ ಮೊಮ್ಮಗಳ್ದು ಯಾವ್ ಬಣ್ಣದ್ ಅಂಗಿ ಹೇಳು, ಕೂಗ್ತೀವಿ" ಎಂದಳು. ಹಳದಿ ಎಂದು ಹೇಳಿದ್ದೇನೆ. ಆದರೂ ಉಳಿದ ಕಡ್ಡಿಗಳಿರುತ್ತವೆ, ಆ ಊರಿನಲ್ಲಿ ಕಣ್ಣು ನೆಲದ ಮೇಲಿರಲಿ.

ಜಕ್ಕನಹಳ್ಳಿಯಿಂದ ಏರು. ಮೊದಲಿನ ಏರು ಮೋಸದ್ದು, ಕಣ್ಣಿಗೆ ಮಟ್ಟವಾಗಿ ಕಾಣುತ್ತದೆ, ತೊಡೆಗೆ ಮಾತ್ರ ಗೊತ್ತಾಗುತ್ತದೆ. ಅಲ್ಲಿ ನನಗೇನೋ ಆಗಿದೆ ಎಂದು ಹೆದರಬೇಡ, ಎಲ್ಲರಿಗೂ ಆಗುತ್ತದೆ. ಘಾಟಿನ ತಿರುವುಗಳಲ್ಲಿ ಒಳಮಗ್ಗುಲು ತೀರ ಕಡಿದಾಗಿದೆ, ಹೊರಗಿನಿಂದ ಸುತ್ತಿ ಹತ್ತು. ನಾನು ಸೋತು ಇಳಿದು ತಳ್ಳಿದ ಜಾಗದಲ್ಲಿ ತಡೆಗೋಡೆಯ ಮೇಲೆ ಸೀಮೆಸುಣ್ಣದಲ್ಲಿ "ಹ" ಎಂದು ದೊಡ್ಡದಾಗಿ ಬರೆದಿದ್ದೇನೆ. ಅದು ಕಂಡಾಗ ಗೇರು ಹಗುರ ಮಾಡಿಕೊ, ಕೆಚ್ಚು ತೋರಿಸಲು ಹೋಗಬೇಡ. ಮೇಲೆ ಗುಡಿಯ ಗೋಪುರ ಕಂಡ ತಕ್ಷಣ ಮುಗಿಯಿತು ಎಂದುಕೊಳ್ಳಬೇಡ. ನಾನು ಹಾಗೆಂದುಕೊಂಡು ಎರಡು ಸಲ ಪೆಚ್ಚಾದೆ. ಮೂರನೇ ಸಲ ಕಂಡಾಗ ಎದ್ದು ನಿಂತು, ಇರುವುದನ್ನೆಲ್ಲ ಸುರಿದುಬಿಡು.

ಇಷ್ಟೂ ನಿನ್ನಿಂದ ಆಗುತ್ತದೆ. ಆದರೆ ಈಗಿರುವ ಸೀಟಿನಲ್ಲಿ ಆಗುವುದಿಲ್ಲ. ಹರ್ಷಿ, ನಿನ್ನ ಸೀಟು ಇಳಿದಿದೆ. ನಿನ್ನೆ ನೀನು ಕೊನೆಯ ನೂರು ಗಜ ತುಳಿಯುವಾಗ ಮೊಣಕಾಲು ಹೊಟ್ಟೆಯವರೆಗೆ ಬರುತ್ತಿತ್ತು. ಸೀಟಿನ ಕಂಬಿಗೆ ಗುರುತಿಗೆಂದು ಸುತ್ತಿದ ಕೆಂಪು ಟೇಪು ಚೌಕಟ್ಟಿನೊಳಗೆ ಮುಳುಗಿಹೋಗಿದೆ. ಮೂರು ದಿನದ ಕುಲುಕಾಟದಲ್ಲಿ ಬೋಲ್ಟು ಸಡಿಲಾಗಿ ಕಂಬಿ ಜಾರಿದೆ, ಆ ಮೊಣಕಾಲಿನ ನೋವು ಅದರದೇ. ಎತ್ತಿದರೆ ಮತ್ತೆ ಎಲ್ಲ ಅಳತೆ ನೋಡಬೇಕು, ಅದು ಬಲ್ಲವರ ಕೆಲಸ. ನೀನೋ, ಒಂದು ವರ್ಷದಿಂದ ಯಾರಿಗೂ ಸೈಕಲ್ ಮುಟ್ಟಲು ಬಿಡುವುದಿಲ್ಲ. ತಂಡದ ಮೆಕ್ಯಾನಿಕ್ಕಿಗೂ ಇಲ್ಲ, ಎಲ್ಲ ನಿನ್ನ ಕೈಯಲ್ಲೇ. ಈ ಹಟ ನಿನಗೆ ಯಾರಿಂದ ಬಂತು ಎಂದು ನಿನ್ನ ಅಪ್ಪ ಪ್ರಸಾದ ಕೇಳುತ್ತಿರುತ್ತಾನೆ. ನನ್ನಿಂದ ಬಂತು. ವಂಶದ ಮಾತಲ್ಲ, ನಾನು ಮಾಡಿದ ಕೆಲಸದಿಂದ ಬಂತು.

ಹೋದ ವರ್ಷ ಇದೇ ಪಂದ್ಯ, ಇದೇ ಒಬ್ಬೊಬ್ಬರ ಓಟ. ನೀನೇ ಮುಂದಿದ್ದೆ. ಹಿಂದಿನ ದಿನ ನಮ್ಮ ಮನೆಗೆ ಬಂದು ಉಂಡು ಮಲಗಿದ್ದೆ. ಚೈತನ್ಯ, ನಿಮ್ಮ ಆಗಿನ ಮೆಕ್ಯಾನಿಕ್ಕು, ಎಲ್ಲ ಅಳೆದು ಬಿಗಿದು ಕೊಟ್ಟಿದ್ದ ಸೈಕಲ್ಲು ಜಗುಲಿಗೆ ಒರಗಿತ್ತು. ಮರುದಿನ ಓಟಕ್ಕೆ ಮುಂಚೆ ಅಧಿಕಾರಿಗಳು ಅಳೆದರು. ಸೀಟಿನ ಮೂತಿ ಪೆಡಲಿನ ಅಚ್ಚಿಗಿಂತ ಐದು ಸೆಂಟಿಮೀಟರು ಹಿಂದಿರಬೇಕು, ಮೂರೇ ಇದೆ, ಸರಿ ಮಾಡದೆ ಬಿಡುವುದಿಲ್ಲ ಎಂದರು. ಸರಿ ಮಾಡುವಷ್ಟರಲ್ಲಿ ನಿನ್ನ ಹೆಸರು ಕೂಗಿ ಗಡಿಯಾರ ಓಡಿಸಿಯೇ ಬಿಟ್ಟರು. ಐವತ್ತೆರಡು ಸೆಕೆಂಡು ತಡವಾಗಿ ಹೊರಟೆ, ಹತ್ತೊಂಬತ್ತು ಸೆಕೆಂಡಿನಲ್ಲಿ ಪಂದ್ಯ ಸೋತೆ. ಎಲ್ಲರೆದುರು ಚೈತನ್ಯನಿಗೆ ನೀನು, "ಇನ್ಮೇಲೆ ನನ್ ಸೈಕಲ್ ಹತ್ರ ಬರಬ್ಯಾಡ" ಎಂದೆ. ಅವನು, "ನಾನು ಅಳ್ದೇ ಇಟ್ಟಿದ್ದೆ ಕಣವ್ವ" ಎಂದ. ಯಾರೂ ನಂಬಲಿಲ್ಲ. ತಂಡದಿಂದ ಬಿಡಿಸಿದರು. ನಾನು ಅಲ್ಲೇ, ನಿನ್ನ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದೆ.

ಆ ಸೀಟನ್ನು ಮುಂದೆ ತಳ್ಳಿದವನು ನಾನು. ನೀನು ಮಲಗಿದ್ದಾಗ ಸೈಕಲ್ ನೋಡಿದೆ. ಹುಡುಗಿಯ ತೋಳಿಗೆ ಹ್ಯಾಂಡಲ್ಲು ದೂರವಾಯಿತಲ್ಲ ಎನ್ನಿಸಿತು. ಕುಲುಮೆಯವನ ಕಣ್ಣು ಹಾಳು, ಓರೆ ಕಂಡದ್ದನ್ನು ನೆಟ್ಟಗೆ ಮಾಡದೆ ಇರಲಾರದು. ನನ್ನ ಬೆರಳಿನ ಅಳತೆಯಲ್ಲಿ ಒಂದು ಬೆರಳು ಮುಂದಕ್ಕೆ ಸರಿಸಿ ಬಿಗಿದೆ. ನಿಮ್ಮಲ್ಲಿ ಅದಕ್ಕೊಂದು ಕಾನೂನಿದೆ ಎಂದು ನನಗೇನು ಗೊತ್ತು? ಆದರೆ ಬಾಯಿ ಮುಚ್ಚಿಕೊಂಡದ್ದಕ್ಕೆ ಆ ನೆಪ ಸಾಲದು. ಅವತ್ತು ಅಮಾವಾಸ್ಯೆ. ನಮ್ಮ ಮನೆತನದಲ್ಲಿ ಅಮಾವಾಸ್ಯೆ ದಿನ ಕುಲುಮೆ ಹೊತ್ತಿಸುವುದಿಲ್ಲ, ಉಳಿ ಸುತ್ತಿಗೆ ಮುಟ್ಟುವುದಿಲ್ಲ, ಹಗ್ಗ ಕೊಯ್ಯಲೂ ಮಚ್ಚು ಎತ್ತುವುದಿಲ್ಲ. ನಿನ್ನ ಅಪ್ಪ ಚಿಕ್ಕವನಿದ್ದಾಗ ಆ ದಿನ ಮೊಳೆ ಹೊಡೆದನೆಂದು ಬೆನ್ನ ಮೇಲೆ ಬಾರಿಸಿದ್ದವನು ನಾನು. ಅಂಥವನು ಹೆಂಡತಿಯ ಕಣ್ಣು ತಪ್ಪಿಸಿ ಸ್ಪ್ಯಾನರ್ ಹಿಡಿದಿದ್ದೆ. ಮೊದಲು ಅದಕ್ಕೆ ನಾಚಿ ಸುಮ್ಮನಾದೆ, ಆಮೇಲೆ ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಡಿ ಎನ್ನು, ಒಪ್ಪಿಕೊಳ್ಳುತ್ತೇನೆ.

ಈ ಕಾಗದವನ್ನು ಚೈತನ್ಯನ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆ ತುಳಿದ ಸೈಕಲ್ಲೂ ಅವನದೇ. ಹಿಂದಕ್ಕೆ ತಂದುಕೊಟ್ಟು, ಅವನೆದುರು ನಿಂತು ಎಲ್ಲ ಹೇಳಿಬಿಟ್ಟೆ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ಚಕ್ರವನ್ನು ಕೆಳಗಿಟ್ಟು ಕೈ ಒರೆಸಿಕೊಂಡ. ಆಮೇಲೆ, "ಅಂಗಾರೆ ನಾನ್ ಅಳ್ದಿದ್ದು ಸರಿಯಾಗೇ ಇತ್ತಾ ತಾತ?" ಎಂದ. ಅಷ್ಟೇ ಕೇಳಿದ್ದು. ಒಂದು ವರ್ಷದಿಂದ ಯಾರ ಸೈಕಲ್ ಬಂದರೂ ಮೂರು ಮೂರು ಸಲ ಅಳೆಯುತ್ತಾನಂತೆ, ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಗಿತ್ತಂತೆ. ನನಗೆ ಅಳು ಬಂತು ಹರ್ಷಿ. ಅವನ ಅಂಗಡಿಯಲ್ಲಿ, ಗಿರಾಕಿಗಳೆದುರು, ಮುಚ್ಚಿಕೊಳ್ಳದೆ ಅತ್ತೆ.

ನಾಳೆ ಮತ್ತೆ ಅಮಾವಾಸ್ಯೆ. ನಾನಂತೂ ನಿನ್ನ ಸೈಕಲ್ ಮುಟ್ಟುವುದಿಲ್ಲ, ನಾಳೆಯೂ ಇಲ್ಲ, ಎಂದೂ ಇಲ್ಲ. ರಾತ್ರಿ ಮನೆಗೆ ಹೋಗಿ ನಿನ್ನ ಅಜ್ಜಿಗೂ ಹೇಳುತ್ತೇನೆ. ಮುದ್ದೆ ಹಾಕುತ್ತಾಳೋ ಇಲ್ಲವೋ ನೋಡೋಣ. ನೀನು ನನ್ನ ಮೇಲೆ ಎಷ್ಟು ಸಿಟ್ಟಾಗುತ್ತೀಯೋ ಆಗು, ನಿನಗೆ ಆ ಹಕ್ಕಿದೆ. ಆದರೆ ಅದನ್ನು ನಾಳೆ ಹತ್ತು ಗಂಟೆಯ ತನಕ ಕಟ್ಟಿಟ್ಟುಕೊ. ಮೊದಲು ಇಪ್ಪತ್ತೇಳು ಸೆಕೆಂಡು. ಮೇಲುಕೋಟೆಯಲ್ಲಿ ಇಳಿದ ಮೇಲೆ ನಾನು ಎದುರಿಗೇ ನಿಂತಿರುತ್ತೇನೆ, ಆಗ ಬೈಯುವೆಯಂತೆ.

ಚೆನ್ನಾಗಿ ಉಣ್ಣು, ಬೇಗ ಮಲಗು. ನಿನ್ನ ಜೊತೆಯ ಹುಡುಗಿಯರಿಗೆ, ಕೋಚಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕಾಲಿಗೆ ಬಲ ಬರಲಿ, ನಿನ್ನ ಹಟ ನಿನ್ನನ್ನು ಕಾಯಲಿ.

ಇಂತಿ ನಿನ್ನ ತಪ್ಪಿತಸ್ಥ ತಾತ,
ಶ್ರೀನಿವಾಸಾಚಾರಿ

ಮರೆತೆ: ಈ ಕಾಗದ ತಂದಿರುವವನು ಚೈತನ್ಯನೇ. ಅಳತೆಪಟ್ಟಿ, ಸ್ಪ್ಯಾನರ್ ಎಲ್ಲ ಚೀಲದಲ್ಲಿವೆ, ಗೇಟಿನ ಹೊರಗೆ ನಿಂತಿದ್ದಾನೆ. ತಾನಾಗಿ ಒಳಗೆ ಕಾಲಿಡುವುದಿಲ್ಲವಂತೆ, "ಅವ್ಳು ಕರುದ್ರೆ ಬತ್ತೀನಿ, ಇಲ್ಲಾಂದ್ರೆ ಐದ್ ಗಂಟೆಗೆ ವಾಪಸ್ ಬಂದ್ಬುಡ್ತೀನಿ" ಎಂದಿದ್ದಾನೆ. ಅವನ ಹತ್ತಿರ ನನ್ನ ಕ್ಷಮೆ ಕೇಳಿದ್ದಾಯಿತು, ನಿನ್ನದನ್ನು ನೀನೇ ಕೇಳಬೇಕು. ಕೋಚಿಗೆ ಹೇಳಿ ಕೆಳಗಿಳಿದು ಬಾ ತಾಯಿ. ಬರಿಗೈಯಲ್ಲಿ ಬರಬೇಡ, ಸೈಕಲ್ ತಳ್ಳಿಕೊಂಡೇ ಬಾ.